ಒಂದೇ ಕೀಗೆ ಎರಡು ಕೆಲಸ: ಎಡಿಟರ್ ಶಾರ್ಟ್‌ಕಟ್ ಜಗಳ ಬಿಡಿಸಲು ಯಾವ ದಾರಿ ಯಾವಾಗ ಸರಿ?

ಮಾರ್ಕ್‌ಡೌನ್ ಫೈಲ್ (ಸರಳ ಗುರುತುಗಳಿಂದ ಬೋಲ್ಡ್, ತಲೆಬರಹ ತೋರಿಸುವ ಬರಹ) ತೆರೆದಿದ್ದೀರಿ. ಒಂದು ಪದ ಸೆಲೆಕ್ಟ್ ಮಾಡಿ ಕಂಟ್ರೋಲ್+ಬಿ ಒತ್ತುತ್ತೀರಿ. ಪದ ಬೋಲ್ಡ್ ಆಗಬೇಕಿತ್ತು. ಅದರ ಬದಲು ಎಡಗಡೆಯ ಫೈಲ್ ಪಟ್ಟಿ ಮಾಯವಾಗುತ್ತದೆ. ಮತ್ತೆ ಒತ್ತಿದರೆ ಪಟ್ಟಿ ವಾಪಸ್ ಬರುತ್ತದೆ, ಪದ ಮಾತ್ರ ಹಾಗೇ ಇರುತ್ತದೆ. ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಕಂಟ್ರೋಲ್+ಬಿ ಸೈಡ್‌ಬಾರ್ ತೆರೆದು ಮುಚ್ಚುವ ಕೀ. ದಿನವಿಡೀ ಬರೆಯುವವರ ಕೈಗೆ ಅದೇ ಬೋಲ್ಡ್ ಕೀ. ಎರಡೂ ನ್ಯಾಯವೇ, ಆದರೆ ಕೀ ಒಂದೇ.

ಇದು ಕಿರಿಕಿರಿ ಅಷ್ಟೇ, ನಷ್ಟವೇನೂ ಇಲ್ಲ. ಕೆಲವು ಸಲ ನಷ್ಟವೂ ಆಗುತ್ತದೆ. ನಾನೊಮ್ಮೆ ಹೊಸ ಎಕ್ಸ್‌ಟೆನ್ಷನ್ (ಎಡಿಟರ್‌ಗೆ ಸೌಲಭ್ಯ ಸೇರಿಸುವ ತುಣುಕು) ಒಂದನ್ನು ಹಾಕಿದ್ದೆ. ನಾನು ಸಾಲನ್ನು ಕಾಮೆಂಟ್ ಮಾಡಲು ಬಳಸುತ್ತಿದ್ದ ಕೀಯನ್ನು ಅದು ಇಡೀ ಫೈಲ್ ಫಾರ್ಮ್ಯಾಟ್ ಮಾಡಲು ಇಟ್ಟುಕೊಂಡಿತ್ತು. ನಾನು ಒತ್ತಿದೆ, ಸೇವ್ ಮಾಡಿದೆ, ಮುಂದೆ ಹೋದೆ. ಮರುದಿನ ಬದಲಾವಣೆಗಳನ್ನು ನೋಡಿದಾಗ ಮೂರು ಸಾಲು ತಿದ್ದಿದ ಫೈಲ್‌ನಲ್ಲಿ ನೂರಾರು ಸಾಲು ಬದಲಾಗಿದ್ದವು. ಯಾವ ಎಚ್ಚರಿಕೆಯೂ ಬಂದಿರಲಿಲ್ಲ. ಎಕ್ಸ್‌ಟೆನ್ಷನ್ ಹಾಕುವಾಗ "ಈ ಕೀ ಆಗಲೇ ಬಳಕೆಯಲ್ಲಿದೆ" ಎಂದು ಯಾರೂ ಕೇಳುವುದಿಲ್ಲ. ಒಬ್ಬರು ಗೆಲ್ಲುತ್ತಾರೆ, ಇನ್ನೊಬ್ಬರು ಸುಮ್ನೆ ಕಾಣೆಯಾಗುತ್ತಾರೆ.

ಈ ಜಗಳ ಬಿಡಿಸಲು ಆರೇಳು ದಾರಿಗಳಿವೆ. ಒಂದನ್ನು ಕಿತ್ತು ಹಾಕಬಹುದು. ಬೇರೆ ಕೀಗೆ ಸಾಗಿಸಬಹುದು. ಇಬ್ಬರಿಗೂ ಜಾಗ ಹಂಚಬಹುದು. ಎರಡು ಹೆಜ್ಜೆಯ ಕೀ ಮಾಡಬಹುದು. ಎಡಿಟರ್‌ನ ಹೊರಗೇ ಸರಿಪಡಿಸಬಹುದು. ಜನ ಸಾಮಾನ್ಯವಾಗಿ ಮೊದಲು ಹೊಳೆದದ್ದನ್ನು ಮಾಡುತ್ತಾರೆ, ಅಂದರೆ ಬೇರೆ ಕೀಗೆ ಸಾಗಿಸುತ್ತಾರೆ. ನನ್ನ ಪ್ರಕಾರ ಅದು ಮೂರನೆಯದೋ ನಾಲ್ಕನೆಯದೋ ಆಯ್ಕೆ ಆಗಬೇಕು. ಆಯ್ಕೆ ಎರಡು ವಿಷಯಗಳ ಮೇಲೆ ನಿಂತಿದೆ: ಕೀ ಎಲ್ಲಿ ಸಿಕ್ಕಿಬೀಳುತ್ತಿದೆ, ಮತ್ತು ಅದು ನಿಮ್ಮ ಬೆರಳಿಗೆ ಎಷ್ಟು ರೂಢಿಯಾಗಿದೆ.

ಮೊದಲು ಕೀ ಎಲ್ಲಿ ಹೋಯಿತು ಅಂತ ನೋಡಿ

ನೀವು ಒತ್ತಿದ ಕೀ ನೇರವಾಗಿ ಎಡಿಟರ್‌ಗೆ ಹೋಗುವುದಿಲ್ಲ. ಮೊದಲು ಆಪರೇಟಿಂಗ್ ಸಿಸ್ಟಂ ನೋಡುತ್ತದೆ. ಆಮೇಲೆ ಭಾಷೆ ಬದಲಿಸುವ ಇನ್‌ಪುಟ್ ಮೆಥಡ್. ಎಡಿಟರ್ ಟರ್ಮಿನಲ್‌ನೊಳಗೆ ಓಡುತ್ತಿದ್ದರೆ ಟರ್ಮಿನಲ್ ಒಂದು ಸಲ, ಅದರೊಳಗೆ ಟಿಮಕ್ಸ್ (ಒಂದು ಟರ್ಮಿನಲ್ ಅನ್ನು ಹಲವು ಕಿಟಕಿಗಳಾಗಿ ಹಂಚುವ ಪ್ರೋಗ್ರಾಂ) ಇದ್ದರೆ ಇನ್ನೊಂದು ಸಲ. ಇವರೆಲ್ಲ ಬಿಟ್ಟುಕೊಟ್ಟ ಮೇಲೆ ಎಡಿಟರ್. ಎಡಿಟರ್ ಒಳಗೂ ಎಕ್ಸ್‌ಟೆನ್ಷನ್, ಮೋಡ್, ನಿಮ್ಮ ಸ್ವಂತ ಸೆಟ್ಟಿಂಗ್ ಎಂಬ ಪದರಗಳಿವೆ. ಮೇಲಿನ ಪದರ ಹಿಡಿದಿಟ್ಟುಕೊಂಡ ಕೀಗೆ ಕೆಳಗೆ ಎಷ್ಟು ಸೆಟ್ಟಿಂಗ್ ಬರೆದರೂ ವ್ಯರ್ಥ.

ಹಾಗಾಗಿ ಮೊದಲ ಪರೀಕ್ಷೆ ಸುಲಭದ್ದು. ಆ ಕೆಲಸವನ್ನು ಕಮಾಂಡ್ ಪ್ಯಾಲೆಟ್‌ನಿಂದ (ಹೆಸರು ಬರೆದು ಕಮಾಂಡ್ ನಡೆಸುವ ಪೆಟ್ಟಿಗೆ) ಅಥವಾ ಮೆನುವಿನಿಂದ ನಡೆಸಿ ನೋಡಿ. ನಡೆದರೆ ಕಮಾಂಡ್ ಚೆನ್ನಾಗಿದೆ, ತೊಂದರೆ ಕೀಯದ್ದು. ನಡೆಯದಿದ್ದರೆ ನೀವು ಹುಡುಕುತ್ತಿರುವುದು ಶಾರ್ಟ್‌ಕಟ್ ಜಗಳವೇ ಅಲ್ಲ.

ಎರಡನೆಯದು, ಎಡಿಟರ್ ಅನ್ನೇ ಕೇಳುವುದು. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಕೆ, ಕಂಟ್ರೋಲ್+ಎಸ್ ಒತ್ತಿದರೆ ಶಾರ್ಟ್‌ಕಟ್‌ಗಳ ಪಟ್ಟಿ ತೆರೆಯುತ್ತದೆ. ಯಾವುದಾದರೂ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದೇ ಕೀ ಇರುವ ಉಳಿದ ಕಮಾಂಡ್‌ಗಳನ್ನೂ ತೋರಿಸುವ ಆಯ್ಕೆ ಇದೆ. ಅದಕ್ಕಿಂತ ಒಳ್ಳೆಯದು ಪ್ಯಾಲೆಟ್‌ನಲ್ಲಿರುವ 'ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್'. ಅದನ್ನು ಆನ್ ಮಾಡಿ ಕೀ ಒತ್ತಿದರೆ, ಯಾವ ಕೀ ಬಂತು, ಯಾವ ನಿಯಮಕ್ಕೆ ಹೊಂದಿತು, ಆ ನಿಯಮ ಯಾರದ್ದು ಎಂದು ಸಾಲು ಸಾಲಾಗಿ ಬರೆದು ತೋರಿಸುತ್ತದೆ. ಇಮ್ಯಾಕ್ಸ್‌ನಲ್ಲಿ ಕಂಟ್ರೋಲ್+ಹೆಚ್ ಒತ್ತಿ, ಆಮೇಲೆ ಕೆ ಒತ್ತಿ, ಆಮೇಲೆ ಸಂಶಯದ ಕೀ ಒತ್ತಿ. ಅದು ಈ ಕ್ಷಣ, ಈ ಬಫರ್‌ನಲ್ಲಿ (ತೆರೆದಿರುವ ಫೈಲ್‌ನಲ್ಲಿ) ಏನು ಮಾಡುತ್ತದೆ ಎಂದು ಹೇಳುತ್ತದೆ. ವಿಮ್‌ನಲ್ಲಿ 'ವರ್ಬೋಸ್ ಮ್ಯಾಪ್' ಬರೆದು ಪಕ್ಕದಲ್ಲಿ ಕೀ ಬರೆದರೆ, ಆ ಮ್ಯಾಪಿಂಗ್ (ಕೀಗೆ ಕಟ್ಟಿದ ಕೆಲಸ) ಯಾವ ಫೈಲ್‌ನಿಂದ ಬಂತು ಎಂಬುದೂ ಸಿಗುತ್ತದೆ. ಒಂದು ಎಚ್ಚರ: ವಿಮ್‌ನ ಹುಟ್ಟು ಕೀಗಳು ಈ ಪಟ್ಟಿಯಲ್ಲಿ ಬರುವುದಿಲ್ಲ. ಅವಕ್ಕೆ 'ಹೆಲ್ಪ್ ಇಂಡೆಕ್ಸ್' ನೋಡಬೇಕು. ಸಬ್ಲೈಮ್ ಟೆಕ್ಸ್ಟ್‌ನ ಕನ್ಸೋಲ್‌ನಲ್ಲಿ ಕಮಾಂಡ್‌ಗಳ ಲಾಗ್ ಮತ್ತು ಇನ್‌ಪುಟ್ ಲಾಗ್ ಎಂದು ಎರಡಿವೆ, ಎರಡನ್ನೂ ಆನ್ ಮಾಡಿ. ನೋಟ್‌ಪ್ಯಾಡ್++ ಬಳಸುವವರಿಗೆ ಕೆಲಸ ಹಗುರ. ಅದರ ಶಾರ್ಟ್‌ಕಟ್ ಮ್ಯಾಪರ್ ಕಿಟಕಿಯ ಕೆಳಭಾಗದಲ್ಲೇ ಯಾರ ಜೊತೆ ಜಗಳ ಎಂದು ಬರೆದಿರುತ್ತದೆ.

ಲಾಗ್‌ನಲ್ಲಿ ಏನೂ ಬರಲೇ ಇಲ್ಲ ಅಂದರೆ ಅದೇ ಉತ್ತರ. ಕೀ ಎಡಿಟರ್‌ವರೆಗೆ ಬಂದೇ ಇಲ್ಲ. ಲಿನಕ್ಸ್‌ನಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ವಿಎಸ್ ಕೋಡ್‌ನಲ್ಲಿ ತಪ್ಪು ಸರಿಪಡಿಸುವ ಸಲಹೆಗಳಿಗೆ ಕಂಟ್ರೋಲ್ ಮತ್ತು ಚುಕ್ಕಿ ಕೀ. ಐಬಸ್ ಎಂಬ ಇನ್‌ಪುಟ್ ಮೆಥಡ್‌ನ ಕೆಲವು ಆವೃತ್ತಿಗಳಲ್ಲಿ ಅದೇ ಕೀ ಇಮೋಜಿ ಹಾಕಲು ಮೀಸಲು. ಒತ್ತಿದಾಗ ಸಲಹೆ ಬರುವುದಿಲ್ಲ, ಕರ್ಸರ್ ಇದ್ದಲ್ಲಿ ಅಡಿಗೆರೆ ಎಳೆದ ಒಂದು 'ಇ' ಅಕ್ಷರ ಬಂದು ಕೂರುತ್ತದೆ. ಎಡಿಟರ್‌ನ ಸೆಟ್ಟಿಂಗ್ ಎಷ್ಟು ತಡಕಿದರೂ ಆ 'ಇ' ಹೋಗುವುದಿಲ್ಲ. ಐಬಸ್‌ನ ಸೆಟ್ಟಿಂಗ್‌ನಲ್ಲಿ ಇಮೋಜಿ ಟ್ಯಾಬ್‌ಗೆ ಹೋಗಿ ಆ ಕೀ ತೆಗೆದರೆ ಒಂದೇ ನಿಮಿಷದ ಕೆಲಸ.

ಜಾಗ ಹಂಚುವುದು: ನಾನು ಮೊದಲು ನೋಡುವ ದಾರಿ

ಕೀ ಎಡಿಟರ್‌ಗೆ ಬರುತ್ತಿದೆ, ಒಳಗೆ ಇಬ್ಬರು ಕಿತ್ತಾಡುತ್ತಿದ್ದಾರೆ ಅಂತಾದರೆ ನಾನು ಮೊದಲು ಕೇಳುವ ಪ್ರಶ್ನೆ: ಇವರಿಬ್ಬರೂ ಒಂದೇ ಸಮಯದಲ್ಲಿ ಬೇಕೇ? ತುಂಬಾ ಸಲ ಬೇಕಿರುವುದಿಲ್ಲ. ಕಂಟ್ರೋಲ್+ಬಿ ವಿಷಯವನ್ನೇ ತೆಗೆದುಕೊಳ್ಳಿ. ಬೋಲ್ಡ್ ಬೇಕಿರುವುದು ಮಾರ್ಕ್‌ಡೌನ್ ಫೈಲ್ ಒಳಗೆ, ಕರ್ಸರ್ ಬರಹದ ಮೇಲೆ ಇರುವಾಗ ಮಾತ್ರ. ಸೈಡ್‌ಬಾರ್ ಬೇಕಿರುವುದು ಉಳಿದ ಎಲ್ಲಾ ಕಡೆ.

ವಿಎಸ್ ಕೋಡ್‌ನಲ್ಲಿ ಪ್ರತಿಯೊಂದು ಶಾರ್ಟ್‌ಕಟ್ ನಿಯಮಕ್ಕೂ ಮೂರು ಭಾಗ: ಕೀ, ಕಮಾಂಡ್, ಮತ್ತು ಬೇಕಿದ್ದರೆ 'ವೆನ್' ಎಂಬ ಷರತ್ತು. ಬೋಲ್ಡ್ ನಿಯಮದ ಷರತ್ತಿನಲ್ಲಿ ಎರಡು ಮಾತು ಬರೆಯಬೇಕು. ಒಂದು, ಬರೆಯುವ ಜಾಗದಲ್ಲಿ ಫೋಕಸ್ ಇರಬೇಕು. ಎರಡು, ಫೈಲ್‌ನ ಭಾಷೆ ಮಾರ್ಕ್‌ಡೌನ್ ಆಗಿರಬೇಕು. ಅಷ್ಟು ಬರೆದರೆ ಮುಗಿಯಿತು. ಮಾರ್ಕ್‌ಡೌನ್‌ನಲ್ಲಿ ಬೋಲ್ಡ್, ಪೈಥಾನ್ ಫೈಲ್‌ನಲ್ಲಿ ಸೈಡ್‌ಬಾರ್. ಬೆರಳು ಹೊಸದೇನನ್ನೂ ಕಲಿಯಬೇಕಿಲ್ಲ.

ಇಲ್ಲಿ ಒಂದು ವಿಷಯ ಗೊತ್ತಿರಲೇಬೇಕು. ವಿಎಸ್ ಕೋಡ್ ನಿಯಮಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತದೆ. ಕೀ ಮತ್ತು ಷರತ್ತು ಎರಡೂ ಹೊಂದುವ ಮೊದಲ ನಿಯಮ ಸಿಕ್ಕಿದ ಕೂಡಲೇ ನಿಲ್ಲುತ್ತದೆ. ನಿಮ್ಮ ಸ್ವಂತ ನಿಯಮಗಳು ಎಲ್ಲದರ ಕೆಳಗೆ ಸೇರುತ್ತವೆ, ಹಾಗಾಗಿ ಅವೇ ಗೆಲ್ಲುತ್ತವೆ. ಆದರೆ ನಿಮ್ಮದೇ ಫೈಲ್‌ನೊಳಗೂ ಇದೇ ಲೆಕ್ಕ. ಷರತ್ತಿಲ್ಲದ ನಿಯಮವನ್ನು ಷರತ್ತಿರುವುದರ ಕೆಳಗೆ ಬರೆದರೆ, ಮೇಲಿನದ್ದು ಯಾವತ್ತೂ ನಡೆಯುವುದಿಲ್ಲ. "ಸರಿಯಾಗಿ ಬರೆದಿದ್ದೀನಿ, ಆದರೂ ಆಗ್ತಿಲ್ಲ" ಅನ್ನುವವರ ಫೈಲ್ ನೋಡಿದಾಗ ನನಗೆ ಜಾಸ್ತಿ ಸಿಗುವ ತಪ್ಪು ಇದೇ. ಸಾಮಾನ್ಯ ನಿಯಮ ಮೇಲೆ, ವಿಶೇಷ ನಿಯಮ ಕೆಳಗೆ ಇರಲಿ.

ಷರತ್ತಿಗೆ ಯಾವ ಪದ ಬರೆಯಬೇಕು ಅಂತ ಗೊತ್ತಾಗದಿದ್ದರೆ ಪ್ಯಾಲೆಟ್‌ನಲ್ಲಿ 'ಇನ್‌ಸ್ಪೆಕ್ಟ್ ಕಾಂಟೆಕ್ಸ್ಟ್ ಕೀಸ್' ನಡೆಸಿ, ಬೇಕಾದ ಜಾಗದ ಮೇಲೆ ಕ್ಲಿಕ್ ಮಾಡಿ. ಆ ಕ್ಷಣಕ್ಕೆ ನಿಜವಾಗಿರುವ ಷರತ್ತುಗಳೆಲ್ಲ ಡೆವಲಪರ್ ಟೂಲ್ಸ್‌ನಲ್ಲಿ ಕಾಣುತ್ತವೆ.

ಸಬ್ಲೈಮ್ ಟೆಕ್ಸ್ಟ್‌ನಲ್ಲೂ ಇದೇ ವಿಚಾರ, ಹೆಸರು 'ಕಾಂಟೆಕ್ಸ್ಟ್'. ಅಲ್ಲಿ ಪ್ಯಾಕೇಜ್‌ಗಳು ಹೆಸರಿನ ಅಕ್ಷರಕ್ರಮದಲ್ಲಿ ಲೋಡ್ ಆಗುತ್ತವೆ, 'ಡೀಫಾಲ್ಟ್' ಎಲ್ಲಕ್ಕಿಂತ ಮೊದಲು, 'ಯೂಸರ್' ಎಲ್ಲಕ್ಕಿಂತ ಕೊನೆಗೆ. ಎರಡು ಪ್ಯಾಕೇಜ್ ಒಂದೇ ಕೀ ಕೇಳಿದರೆ ಅಕ್ಷರಮಾಲೆಯಲ್ಲಿ ಕೊನೆಯ ಕಡೆ ಬರುವ ಹೆಸರಿನದ್ದು ಗೆಲ್ಲುತ್ತದೆ. ಇದರಲ್ಲಿ ನ್ಯಾಯ ಏನೂ ಇಲ್ಲ. ಆದ್ದರಿಂದಲೇ ನಿಮಗೆ ಮುಖ್ಯವಾದ ಕೀಯನ್ನು 'ಯೂಸರ್' ಫೈಲ್‌ನಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ವಿಮ್‌ನಲ್ಲಿ ಮ್ಯಾಪಿಂಗ್‌ಗೆ 'ಬಫರ್' ಎಂಬ ಗುರುತು ಸೇರಿಸಿ, ಅದನ್ನು ಫೈಲ್‌ಟೈಪ್‌ಗೆ ಕಟ್ಟಿದರೆ ಆ ಬಗೆಯ ಫೈಲ್‌ಗೆ ಮಾತ್ರ ಅನ್ವಯ. ಇಮ್ಯಾಕ್ಸ್‌ನಲ್ಲಿ ಮೇಜರ್ ಮೋಡ್‌ನ (ಫೈಲ್‌ನ ಬಗೆಗೆ ತಕ್ಕ ಮೋಡ್) ಕೀಮ್ಯಾಪ್‌ನಲ್ಲಿ, ಅಂದರೆ ಕೀಗಳ ಪಟ್ಟಿಯಲ್ಲಿ, ಬರೆಯಬೇಕು. ಅಲ್ಲಿ ಮೈನರ್ ಮೋಡ್ (ಮೇಲೆ ಸೇರಿಸುವ ಹೆಚ್ಚುವರಿ ಸೌಲಭ್ಯ) ಮೇಜರ್ ಮೋಡನ್ನು ಮೀರುತ್ತದೆ, ಮೇಜರ್ ಮೋಡ್ ಗ್ಲೋಬಲ್ ಅನ್ನು ಮೀರುತ್ತದೆ. ಕಂಟ್ರೋಲ್ ಮತ್ತು ಅಲ್ಪವಿರಾಮದ ಕೀಗೆ ಗ್ಲೋಬಲ್ ಆಗಿ ಏನೋ ಕಟ್ಟಿದ್ದೀರಿ, ಎಲ್ಲಾ ಕಡೆ ನಡೆಯುತ್ತದೆ, ಆರ್ಗ್ ಫೈಲ್‌ನಲ್ಲಿ (ಟಿಪ್ಪಣಿ, ಕೆಲಸಗಳ ಪಟ್ಟಿ ಇಡುವ ಫೈಲ್) ಮಾತ್ರ ನಡೆಯುವುದಿಲ್ಲ ಅಂತಿಟ್ಟುಕೊಳ್ಳಿ. ಅದು ದೋಷವಲ್ಲ. ಆರ್ಗ್ ಮೋಡ್ ಆ ಕೀಯನ್ನು ಅಜೆಂಡಾ ಫೈಲ್‌ಗಳ ನಡುವೆ ಓಡಾಡಲು ಇಟ್ಟುಕೊಂಡಿದೆ. ಯಾವ ಮೋಡ್ ಏನೇ ಹೇಳಲಿ ನನ್ನ ಕೀ ನನಗೇ ಬೇಕು ಅಂದರೆ, ಇಮ್ಯಾಕ್ಸ್ 29ರಿಂದ ಜೊತೆಯಲ್ಲೇ ಬರುವ ಯೂಸ್-ಪ್ಯಾಕೇಜ್‌ನೊಂದಿಗೆ 'ಬೈಂಡ್-ಕೀ' ಕೂಡ ಬರುತ್ತದೆ. ಅದರ ನಕ್ಷತ್ರ ಗುರುತಿನ ರೂಪ ಬಳಸಿ.

ಈ ದಾರಿ ಯಾವಾಗ ಬೇಡ? ಎರಡು ಕೆಲಸಗಳಲ್ಲಿ ಒಂದು ಅಪಾಯದ್ದಾದಾಗ. ಒಂದು ಕಡೆ ಸಾಲು ನಕಲು ಮಾಡುವ ಕೀ ಇನ್ನೊಂದು ಕಡೆ ಫೈಲ್ ಅಳಿಸುವುದಾದರೆ, ಫೋಕಸ್ ಎಲ್ಲಿದೆ ಎಂದು ಒಂದು ಕ್ಷಣ ಮರೆತರೂ ಸಾಕು, ಕೆಲಸ ಕೆಡುತ್ತದೆ. ಎರಡೂ ಹತ್ತಿರದ ಕೆಲಸಗಳಾಗಿದ್ದರೆ ಅಥವಾ ತಪ್ಪಾದರೂ ನಷ್ಟವಿಲ್ಲದಿದ್ದರೆ ಮಾತ್ರ ಹಂಚಿ.

ಒಂದನ್ನು ಕಿತ್ತು ಹಾಕುವುದು

ಎರಡರಲ್ಲಿ ಒಂದನ್ನು ನೀವು ಎಂದೂ ಬಳಸುವುದೇ ಇಲ್ಲ ಅಂದರೆ ಯೋಚನೆ ಬೇಡ, ತೆಗೆದುಬಿಡಿ. ವಿಎಸ್ ಕೋಡ್‌ನಲ್ಲಿ ಕಮಾಂಡ್ ಹೆಸರಿನ ಮುಂದೆ ಮೈನಸ್ ಗುರುತು ಹಾಕಿದರೆ ಆ ನಿಯಮ ರದ್ದು. ಪಟ್ಟಿಯಿಂದ ರೈಟ್ ಕ್ಲಿಕ್ ಮಾಡಿ ತೆಗೆದರೂ ಅದು ನಿಮ್ಮ ಫೈಲ್‌ನಲ್ಲಿ ಇದೇ ಮೈನಸ್ ಸಾಲನ್ನೇ ಬರೆಯುತ್ತದೆ. ಸಬ್ಲೈಮ್‌ನಲ್ಲಿ ಹಾಗೆ ಅಳಿಸಲು ಬರುವುದಿಲ್ಲ. ಏನೂ ಮಾಡದ ಕಮಾಂಡ್ ಒಂದನ್ನು, 'ನೋಆಪ್' ಎಂದು, ಆ ಕೀಗೆ ಕಟ್ಟುವುದು ಅಲ್ಲಿನ ರೂಢಿ. ವಿಮ್‌ನಲ್ಲಿ 'ಅನ್‌ಮ್ಯಾಪ್'. ಪ್ಲಗಿನ್ ಆಮೇಲೆ ಲೋಡ್ ಆಗಿ ಮತ್ತೆ ಕಟ್ಟಿಕೊಳ್ಳಬಹುದು, ಅದನ್ನು ನೋಡಿಕೊಳ್ಳಿ. ಎಷ್ಟೋ ಪ್ಲಗಿನ್‌ಗಳಲ್ಲಿ "ನಿನ್ನ ಕೀಗಳನ್ನು ಹಾಕಬೇಡ" ಎಂದು ಹೇಳುವ ಸೆಟ್ಟಿಂಗ್ ಇರುತ್ತದೆ, ಅದೇ ಚೊಕ್ಕ.

ಬೇರೆ ಕೀಗೆ ಸಾಗಿಸುವುದು

ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ಸಮಯದಲ್ಲಿ ಬೇಕು. ಆಗ ಒಬ್ಬರು ಮನೆ ಬದಲಿಸಲೇಬೇಕು. ಯಾರು?

ದಿನಕ್ಕೆ ಎಷ್ಟು ಸಲ ಒತ್ತುತ್ತೀರಿ ಎಂಬುದು ಮೊದಲ ಅಳತೆ. ಎರಡನೆಯದು, ಆ ಕೀ ಬೇರೆ ಪ್ರೋಗ್ರಾಂಗಳಲ್ಲೂ ಅದೇ ಕೆಲಸ ಮಾಡುತ್ತದೆಯೇ ಎಂಬುದು. ಕಾಪಿ, ಪೇಸ್ಟ್, ಸೇವ್, ಅನ್‌ಡೂ ಇವನ್ನು ಮುಟ್ಟಬೇಡಿ. ಎಡಿಟರ್‌ನಲ್ಲಿ ನೀವು ಹೊಸದನ್ನು ಕಲಿಯುತ್ತೀರಿ, ಬ್ರೌಸರ್‌ಗೆ ಹೋದ ಕೂಡಲೇ ಕೈ ತಪ್ಪುತ್ತದೆ. ಹೊಸದಾಗಿ ಬಂದ ಎಕ್ಸ್‌ಟೆನ್ಷನ್‌ನ ಕೀ ಇನ್ನೂ ಬೆರಳಿಗೆ ಕೂತಿರುವುದಿಲ್ಲ, ಸಾಗಿಸುವುದಾದರೆ ಅದನ್ನೇ ಸಾಗಿಸಿ. ಹಳಬರು ಇದ್ದಲ್ಲೇ ಇರಲಿ.

ಖಾಲಿ ಕೀ ಹುಡುಕುವಾಗ ಕಂಟ್ರೋಲ್+ಆಲ್ಟ್ ಜೋಡಿ ಆಸೆ ಹುಟ್ಟಿಸುತ್ತದೆ, ಏಕೆಂದರೆ ಅಲ್ಲಿ ಜಾಗ ಜಾಸ್ತಿ. ಆದರೆ ವಿಂಡೋಸ್‌ನಲ್ಲಿ ಕಂಟ್ರೋಲ್+ಆಲ್ಟ್ ಎರಡೂ ಸೇರಿದರೆ ಬಲಗಡೆಯ ಆಲ್ಟ್-ಗ್ರಾಫ್ ಕೀಗೆ ಸಮ. ಜರ್ಮನ್ ಲೇಔಟ್‌ನಲ್ಲಿ ಆಲ್ಟ್-ಗ್ರಾಫ್ ಜೊತೆ ಕ್ಯೂ ಒತ್ತಿದರೇ '@' ಬರುವುದು. ಅಲ್ಲಿ ಕಂಟ್ರೋಲ್+ಆಲ್ಟ್+ಕ್ಯೂಗೆ ಏನಾದರೂ ಕಟ್ಟಿದರೆ ಇಮೇಲ್ ವಿಳಾಸ ಬರೆಯುವುದೇ ಕಷ್ಟ. ಒಂದೇ ಲೇಔಟ್ ಬಳಸುವವರಿಗೆ ತೊಂದರೆ ಕಾಣದು. ಹಲವು ಭಾಷೆಗಳಲ್ಲಿ ಟೈಪ್ ಮಾಡುವವರು ಈ ಜೋಡಿಯಿಂದ ದೂರ ಇರುವುದು ಒಳ್ಳೆಯದು. ಕನ್ನಡಕ್ಕೂ ಇಂಗ್ಲಿಷಿಗೂ ಲೇಔಟ್ ಬದಲಿಸುತ್ತಾ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ಕಂಟ್ರೋಲ್+ಸ್ಪೇಸ್ ಹಲವು ಎಡಿಟರ್‌ಗಳಲ್ಲಿ ಪದ ಪೂರ್ತಿ ಮಾಡುವ ಕೀ. ಲಿನಕ್ಸ್‌ನ ಎಫ್‌ಸಿಐಟಿಎಕ್ಸ್ ಎಂಬ ಇನ್‌ಪುಟ್ ಮೆಥಡ್‌ನಲ್ಲೂ ಮ್ಯಾಕ್‌ನಲ್ಲೂ ಅದೇ ಭಾಷೆ ಬದಲಿಸುವ ಕೀ. ನಾನಾದರೆ ಭಾಷೆ ಬದಲಿಸುವುದನ್ನೇ ಬೇರೆ ಕಡೆಗೆ ಸಾಗಿಸುತ್ತೇನೆ. ಅದು ಒಂದೇ ಕಡೆ ಬದಲಿಸಿದರೆ ಸಾಕು, ಎಡಿಟರ್‌ಗಳು ಹಲವು.

ಟರ್ಮಿನಲ್‌ನಲ್ಲಿ ಓಡುವ ಎಡಿಟರ್ ಆದರೆ ಖಾಲಿ ಜಾಗ ಇನ್ನೂ ಕಮ್ಮಿ. ಕಂಟ್ರೋಲ್ ಜೊತೆ ಒತ್ತಿದ ಅಕ್ಷರಗಳು ಆಸ್ಕಿ ಎಂಬ ಅಕ್ಷರ-ಸಂಖ್ಯೆ ಪಟ್ಟಿಯ ಮೊದಲ 32 ಸಂಕೇತಗಳಲ್ಲಿ ಒಂದಾಗಿ ಹೋಗುತ್ತವೆ. ಕಂಟ್ರೋಲ್+ಐ ಅಂದರೆ 9, ಅದೇ ಟ್ಯಾಬ್. ಕಂಟ್ರೋಲ್+ಎಂ ಅಂದರೆ 13, ಅದೇ ಎಂಟರ್. ಕಂಟ್ರೋಲ್ ಮತ್ತು ಎಡ ಚೌಕ ಕಂಸ ಸೇರಿದರೆ 27, ಅದೇ ಎಸ್ಕೇಪ್. ಹಳೆಯ ಬಗೆಯ ಟರ್ಮಿನಲ್‌ನಲ್ಲಿ ಎಡಿಟರ್‌ಗೆ ಈ ಜೋಡಿ ಕೀಗಳ ವ್ಯತ್ಯಾಸ ಗೊತ್ತಾಗಲು ದಾರಿಯೇ ಇಲ್ಲ. ಕಂಟ್ರೋಲ್+ಐಗೆ ಏನೋ ಕಟ್ಟಿ, ಆಮೇಲೆ ಟ್ಯಾಬ್ ಕೆಟ್ಟುಹೋಯಿತು ಎಂದು ಗಾಬರಿಯಾಗುವುದು ಹೀಗೆ. ಕಂಟ್ರೋಲ್+ಶಿಫ್ಟ್+ಅಕ್ಷರ ಕೂಡ ಅಂಥ ಟರ್ಮಿನಲ್‌ನಲ್ಲಿ ಶಿಫ್ಟ್ ಇಲ್ಲದ್ದಕ್ಕಿಂತ ಬೇರೆಯಾಗಿ ಕಾಣದು.

ಎರಡು ಹೆಜ್ಜೆಯ ಕೀ

ಖಾಲಿ ಕೀ ಹುಡುಕಿ ಸಾಕಾಯಿತು ಅಂದರೆ ಒಂದು ಬಾಗಿಲು ಇಟ್ಟುಕೊಂಡು ಅದರ ಹಿಂದೆ ಎಲ್ಲವನ್ನೂ ಇಡಬಹುದು. ವಿಮ್‌ನಲ್ಲಿ ಇದಕ್ಕೆ ಲೀಡರ್ ಎನ್ನುತ್ತಾರೆ. ಮೂಲದಲ್ಲಿ ಅದು ಬ್ಯಾಕ್‌ಸ್ಲ್ಯಾಶ್, ಬಹಳ ಜನ ಸ್ಪೇಸ್ ಮಾಡಿಕೊಳ್ಳುತ್ತಾರೆ. ಲೀಡರ್ ಒತ್ತಿ ಎಫ್ ಅಂದರೆ ಫೈಲ್ ಹುಡುಕು, ಲೀಡರ್ ಒತ್ತಿ ಬಿ ಅಂದರೆ ಬಫರ್‌ಗಳು. ಹೆಸರಿನ ಮೊದಲ ಅಕ್ಷರವೇ ಕೀ ಆಗುವುದರಿಂದ ನೆನಪಿಡುವುದು ಸುಲಭ.

ಇಮ್ಯಾಕ್ಸ್ ಈ ವಿಷಯದಲ್ಲಿ ಒಂದು ಒಳ್ಳೆಯ ಒಪ್ಪಂದ ಮಾಡಿಕೊಂಡಿದೆ. ಕಂಟ್ರೋಲ್+ಸಿ ಒತ್ತಿ ಆಮೇಲೆ ಒಂದು ಬಿಡಿ ಅಕ್ಷರ, ದೊಡ್ಡದಾಗಲಿ ಚಿಕ್ಕದಾಗಲಿ, ಅದು ಬಳಕೆದಾರರಿಗೇ ಮೀಸಲು. ಎಫ್5ರಿಂದ ಎಫ್9ರವರೆಗಿನ ಕೀಗಳೂ ಹಾಗೆಯೇ. ಪ್ಯಾಕೇಜ್ ಬರೆಯುವವರು ಅಲ್ಲಿಗೆ ಕೈ ಹಾಕುವಂತಿಲ್ಲ. ಕಂಟ್ರೋಲ್+ಸಿ ಆದ ಮೇಲೆ ಇನ್ನೊಂದು ಕಂಟ್ರೋಲ್ ಅಕ್ಷರ ಬಂದರೆ ಅದು ಮೇಜರ್ ಮೋಡ್‌ಗಳ ಜಾಗ. ನಿಮ್ಮ ಕೀಗಳನ್ನು ಈ ಮೀಸಲು ಜಾಗದಲ್ಲಿ ಇಟ್ಟರೆ ನಾಳೆ ಯಾವ ಹೊಸ ಪ್ಯಾಕೇಜ್ ಬಂದರೂ ಜಗಳವಿಲ್ಲ. ಇಂಥ ಒಂದು ಮಾತು ಎಲ್ಲಾ ಎಡಿಟರ್‌ಗಳಲ್ಲೂ ಇರಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಇಲ್ಲದ ಕಡೆ ನೀವೇ ಮಾಡಿಕೊಳ್ಳಬೇಕು: ಒಂದು ಬಾಗಿಲು ಆರಿಸಿ, ಅದರ ಹಿಂದೆ ನಿಮ್ಮದನ್ನಷ್ಟೇ ಇಡಿ.

ಇಲ್ಲೂ ಒಂದು ಬಗೆಯ ಜಗಳ ಇದೆ. ಬಾಗಿಲೇ ಇನ್ನೊಂದು ಕೆಲಸಕ್ಕೆ ಸಿಕ್ಕಿಕೊಂಡರೆ? ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಕೆ ಹಿಂದೆ ಡಜನ್‌ಗಟ್ಟಲೆ ಕಮಾಂಡ್‌ಗಳಿವೆ. ಷರತ್ತಿಲ್ಲದೆ ಬರೀ ಕಂಟ್ರೋಲ್+ಕೆಗೆ ನೀವು ಏನಾದರೂ ಕಟ್ಟಿದರೆ ಅವೆಲ್ಲವೂ ಒಟ್ಟಿಗೇ ಸತ್ತುಹೋಗುತ್ತವೆ. ಇಮ್ಯಾಕ್ಸ್ ಆದರೆ ಮೊದಲೇ ತಡೆಯುತ್ತದೆ, "ಈ ಸರಣಿ ಪ್ರಿಫಿಕ್ಸ್ ಅಲ್ಲದ ಕೀಯಿಂದ ಶುರುವಾಗಿದೆ" ಎಂಬ ಎರರ್ ಕೊಡುತ್ತದೆ (ಪ್ರಿಫಿಕ್ಸ್ ಅಂದರೆ ಬಾಗಿಲ ಕೀ). ವಿಮ್ ಎರಡನ್ನೂ ಇಟ್ಟುಕೊಂಡು ಕಾಯುತ್ತದೆ. ಚಿಕ್ಕ ಮ್ಯಾಪಿಂಗ್ ಒತ್ತಿದ ಮೇಲೆ, ಉದ್ದದ್ದು ಬರಬಹುದೇನೋ ಎಂದು 'ಟೈಮ್‌ಔಟ್‌ಲೆನ್' ಮುಗಿಯುವವರೆಗೆ ನಿಲ್ಲುತ್ತದೆ. ಅದು ಮೂಲದಲ್ಲಿ 1000 ಮಿಲಿಸೆಕೆಂಡ್. ಒಂದು ಕೀ ಒತ್ತಿದಾಗೆಲ್ಲ ಒಂದು ಸೆಕೆಂಡ್ ತಡವಾಗುತ್ತಿದ್ದರೆ ಎಡಿಟರ್ ನಿಧಾನ ಎಂದುಕೊಳ್ಳಬೇಡಿ. ಅದೇ ಅಕ್ಷರದಿಂದ ಶುರುವಾಗುವ ಇನ್ನೊಂದು ಮ್ಯಾಪಿಂಗ್ ಎಲ್ಲೋ ಇದೆ.

ಎರಡು ಹೆಜ್ಜೆಯ ಕೀಯ ಬೆಲೆ ಸಮಯ. ನಿಮಿಷಕ್ಕೆ ಹತ್ತು ಸಲ ಮಾಡುವ ಕೆಲಸವನ್ನು ಬಾಗಿಲ ಹಿಂದೆ ಇಡಬೇಡಿ. ಗಂಟೆಗೆ ಒಂದೆರಡು ಸಲದ್ದಾದರೆ ಅಲ್ಲಿಗೇ ಸರಿ. ನೆನಪಿಲ್ಲದಿದ್ದರೆ ವಿಚ್-ಕೀ ಹಾಕಿಕೊಳ್ಳಿ. ಬಾಗಿಲು ಒತ್ತಿ ನಿಂತರೆ ಒಳಗೇನಿದೆ ಎಂದು ಪಟ್ಟಿ ತೋರಿಸುತ್ತದೆ. ಇಮ್ಯಾಕ್ಸ್ 30ರಿಂದ ಅದು ಜೊತೆಯಲ್ಲೇ ಬರುತ್ತದೆ, ನಿಯೋವಿಮ್‌ಗೆ ಅದೇ ಹೆಸರಿನ ಪ್ಲಗಿನ್ ಇದೆ.

ಇಡೀ ಕೀಮ್ಯಾಪ್ ತಂದಾಗ

ಒಂದು ಎಡಿಟರ್‌ನಿಂದ ಇನ್ನೊಂದಕ್ಕೆ ಬಂದವರು ಹಳೆಯ ಎಡಿಟರ್‌ನ ಕೀಗಳನ್ನು ಒಟ್ಟಿಗೆ ತರುವ ಎಕ್ಸ್‌ಟೆನ್ಷನ್ ಹಾಕುತ್ತಾರೆ. ವಿಮ್ ಬಿಟ್ಟು ಬಂದವರಂತೂ ಖಂಡಿತ. ಆಗ ಜಗಳ ಒಂದೆರಡಲ್ಲ, ಹತ್ತಿಪ್ಪತ್ತು. ಕಂಟ್ರೋಲ್+ಎಫ್ ಒಂದು ಕಡೆ ಹುಡುಕುವುದು, ವಿಮ್‌ನಲ್ಲಿ ಒಂದು ಪುಟ ಮುಂದೆ ಹೋಗುವುದು. ಕಂಟ್ರೋಲ್+ವಿ ಒಂದು ಕಡೆ ಪೇಸ್ಟ್, ವಿಮ್‌ನಲ್ಲಿ ಚೌಕವಾಗಿ ಸೆಲೆಕ್ಟ್ ಮಾಡುವುದು. ಇವನ್ನು ಒಂದೊಂದಾಗಿ ಬಿಡಿಸುತ್ತಾ ಕೂರುವುದಕ್ಕಿಂತ ಮೊದಲೇ ಒಂದು ನಿಯಮ ಮಾಡಿಕೊಳ್ಳಿ. ನನ್ನದು ಹೀಗೆ: ಬಿಡಿ ಅಕ್ಷರಗಳೆಲ್ಲ ವಿಮ್‌ಗೆ, ಕಂಟ್ರೋಲ್ ಜೋಡಿಗಳಲ್ಲಿ ಕಾಪಿ, ಪೇಸ್ಟ್, ಹುಡುಕು ಎಡಿಟರ್‌ಗೆ, ಉಳಿದವು ವಿಮ್‌ಗೆ. ವಿಎಸ್ ಕೋಡ್‌ನ ವಿಮ್ ಎಕ್ಸ್‌ಟೆನ್ಷನ್‌ನಲ್ಲಿ 'ಹ್ಯಾಂಡಲ್ ಕೀಸ್' ಎಂಬ ಸೆಟ್ಟಿಂಗ್‌ನಲ್ಲಿ ಕೀ ಕೀಗೂ ಹೌದು-ಇಲ್ಲ ಬರೆಯಬಹುದು. ಜೆಟ್‌ಬ್ರೇನ್ಸ್ ಎಡಿಟರ್‌ಗಳ ಐಡಿಯಾವಿಮ್‌ನಲ್ಲಿ ಜಗಳದ ಕೀಗಳ ಪಟ್ಟಿಯೇ ಇದೆ, ಪ್ರತಿಯೊಂದರ ಪಕ್ಕ ಐಡಿಇ ಅಥವಾ ವಿಮ್ ಎಂದು ಆರಿಸಬಹುದು. ಅರ್ಧ ಗಂಟೆ ಕೂತು ಒಂದೇ ಸಲ ಮುಗಿಸಿ. ದಿನಕ್ಕೊಂದು ಬದಲಿಸುತ್ತಾ ಹೋದರೆ ಬೆರಳು ಯಾವುದನ್ನೂ ನಂಬುವುದಿಲ್ಲ.

ಎಡಿಟರ್‌ನ ಹೊರಗೆ ಸರಿಪಡಿಸುವುದು

ಕೀ ಹೊರಗೇ ಸಿಕ್ಕಿಬೀಳುತ್ತಿದ್ದರೆ ಹೊರಗೇ ಬಿಡಿಸಬೇಕು. ಟರ್ಮಿನಲ್‌ನಲ್ಲಿ ವಿಮ್ ಬಳಸುವಾಗ ಕಂಟ್ರೋಲ್+ಎಸ್ ಒತ್ತಿದರೆ ಪರದೆ ಹೆಪ್ಪುಗಟ್ಟಿದಂತೆ ನಿಲ್ಲುವುದನ್ನು ನೋಡಿರುತ್ತೀರಿ, ಅಲ್ವಾ? ಅದು ಟರ್ಮಿನಲ್‌ನ ಹಳೆಯ ಹರಿವು ತಡೆಯುವ ಸಂಕೇತ. ಕಂಟ್ರೋಲ್+ಕ್ಯೂ ಒತ್ತಿದರೆ ಮತ್ತೆ ಚಾಲೂ ಆಗುತ್ತದೆ. ಶೆಲ್‌ನ (ಟರ್ಮಿನಲ್‌ನಲ್ಲಿ ಆದೇಶಗಳನ್ನು ನಡೆಸುವ ಪ್ರೋಗ್ರಾಂ) ಸೆಟ್ಟಿಂಗ್ ಫೈಲ್‌ನಲ್ಲಿ 'ಎಸ್‌ಟಿಟಿವೈ ಮೈನಸ್ ಐಎಕ್ಸ್‌ಆನ್' ಎಂದು ಹಾಕಿದರೆ ಕಂಟ್ರೋಲ್+ಎಸ್ ಎಡಿಟರ್‌ಗೆ ಬಿಡುಗಡೆ.

ಟಿಮಕ್ಸ್‌ನ ಪ್ರಿಫಿಕ್ಸ್ ಕಂಟ್ರೋಲ್+ಬಿ, ವಿಮ್‌ನಲ್ಲಿ ಅದು ಒಂದು ಪುಟ ಹಿಂದಕ್ಕೆ. ಎರಡು ಸಲ ಒತ್ತಿದರೆ ಒಂದು ವಿಮ್‌ಗೆ ತಲುಪುತ್ತದೆ. ಜನ ಪ್ರಿಫಿಕ್ಸ್ ಅನ್ನು ಕಂಟ್ರೋಲ್+ಎಗೆ ಬದಲಿಸುತ್ತಾರೆ. ಆದರೆ ಅದು ವಿಮ್‌ನಲ್ಲಿ ಸಂಖ್ಯೆ ಹೆಚ್ಚಿಸುವ ಕೀ, ಬ್ಯಾಶ್ ಶೆಲ್‌ನಲ್ಲಿ ಸಾಲಿನ ಶುರುವಿಗೆ ಹೋಗುವ ಕೀ. ಒಂದು ಜಗಳ ಬಿಡಿಸಲು ಹೋಗಿ ಎರಡು ತಂದುಕೊಳ್ಳುವುದು ಅಂದರೆ ಇದೇ. ಬದಲಿಸುವ ಮುಂಚೆ ಹೊಸ ಕೀಯಲ್ಲಿ ಯಾರಿದ್ದಾರೆ ಎಂದು ಒಂದು ಸಲ ನೋಡಿ.

ವಿಎಸ್ ಕೋಡ್ ಒಳಗಿನ ಟರ್ಮಿನಲ್‌ನಲ್ಲಿ ತಿರುಗಾಮುರುಗಾ ಆಗುತ್ತದೆ. ಬ್ಯಾಶ್‌ನಲ್ಲಿ ಕಂಟ್ರೋಲ್+ಕೆ ಅಂದರೆ ಕರ್ಸರ್‌ನಿಂದ ಸಾಲಿನ ಕೊನೆಯವರೆಗೆ ಕತ್ತರಿಸುವುದು. ಲಿನಕ್ಸ್‌ನಲ್ಲಿ ಎಡಿಟರ್ ಅದನ್ನು ತನ್ನ ಎರಡು ಹೆಜ್ಜೆಯ ಕೀಯ ಮೊದಲ ಹೆಜ್ಜೆ ಎಂದುಕೊಂಡು ಕಾಯುತ್ತದೆ. ಇದಕ್ಕೆ ಟರ್ಮಿನಲ್ ಸೆಟ್ಟಿಂಗ್‌ನಲ್ಲಿ 'ಅಲೋ ಕಾರ್ಡ್ಸ್' ಎಂಬುದನ್ನು ಆಫ್ ಮಾಡಿ. ಬೇರೆ ಬಿಡಿ ಕೀಗಳಿಗೆ 'ಕಮಾಂಡ್ಸ್ ಟು ಸ್ಕಿಪ್ ಶೆಲ್' ಪಟ್ಟಿ ಇದೆ. ಯಾವ ಕಮಾಂಡ್ ಹೆಸರಿನ ಮುಂದೆ ಅಲ್ಲಿ ಮೈನಸ್ ಹಾಕುತ್ತೀರೋ ಅದರ ಕೀ ಶೆಲ್‌ಗೆ ಹೋಗುತ್ತದೆ.

ಬ್ರೌಸರ್‌ನಲ್ಲಿ ತೆರೆಯುವ ಎಡಿಟರ್‌ಗಳಲ್ಲಿ ಕಂಟ್ರೋಲ್+ಡಬ್ಲ್ಯೂ, ಕಂಟ್ರೋಲ್+ಎನ್, ಕಂಟ್ರೋಲ್+ಟಿ ಸಾಮಾನ್ಯವಾಗಿ ಬ್ರೌಸರ್‌ನವೇ. ಅಲ್ಲಿ ಹಟ ಹಿಡಿಯಬೇಡಿ, ಆ ಕೆಲಸಗಳಿಗೆ ಬೇರೆ ಕೀ ಇಟ್ಟುಕೊಳ್ಳಿ.

ಇನ್ನು ಕೀಬೋರ್ಡನ್ನೇ ತಿರುಚುವ ಉಪಕರಣಗಳು. ವಿಂಡೋಸ್‌ಗೆ ಪವರ್‌ಟಾಯ್ಸ್, ಆಟೋಹಾಟ್‌ಕೀ. ಮ್ಯಾಕ್‌ಗೆ ಕ್ಯಾರಬೈನರ್-ಎಲಿಮೆಂಟ್ಸ್. ಲಿನಕ್ಸ್‌ಗೆ ಕೀಡಿ. ಕ್ಯಾಪ್ಸ್‌ಲಾಕ್ ಅನ್ನು ಕಂಟ್ರೋಲ್ ಮಾಡಿಕೊಳ್ಳುವಂಥ, ಎಲ್ಲಾ ಪ್ರೋಗ್ರಾಂನಲ್ಲೂ ಬೇಕಾದ ಬದಲಾವಣೆಗೆ ಇವು ತುಂಬಾ ಚೆನ್ನ. ಒಂದು ಎಡಿಟರ್‌ನ ಒಂದು ಜಗಳಕ್ಕೆ ಇವನ್ನು ತರಬೇಡಿ. ಆರು ತಿಂಗಳ ಮೇಲೆ ಕೀ ಎಲ್ಲಿ ತಿರುಗುತ್ತಿದೆ ಎಂದು ಹುಡುಕಬೇಕಾದಾಗ ಎಡಿಟರ್‌ನ ಲಾಗ್‌ನಲ್ಲಿ ಇದರ ಸುಳಿವೂ ಸಿಗುವುದಿಲ್ಲ.

ಕೀಯೇ ಬೇಡ ಅನ್ನುವ ಆಯ್ಕೆ

ವಾರಕ್ಕೊಮ್ಮೆ ಬಳಸುವ ಕಮಾಂಡ್‌ಗೆ ಶಾರ್ಟ್‌ಕಟ್ ಬೇಕಿಲ್ಲ. ಪ್ಯಾಲೆಟ್ ತೆರೆದು ಮೂರು ಅಕ್ಷರ ಬರೆದರೆ ಸಿಗುತ್ತದೆ. ಎಕ್ಸ್‌ಟೆನ್ಷನ್ ತಂದ ಕೀಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನನಗೆ ಈ ಗುಂಪಿನವು. ಹಾಕುವ ಮುಂಚೆ ಎಕ್ಸ್‌ಟೆನ್ಷನ್ ಪುಟದಲ್ಲಿ ಅದು ಯಾವ ಯಾವ ಕೀ ಕೇಳುತ್ತದೆ ಎಂಬ ಪಟ್ಟಿ ನೋಡುತ್ತೇನೆ, ಬೇಡದ್ದನ್ನು ಅವತ್ತೇ ತೆಗೆಯುತ್ತೇನೆ. ಮೊದಲು ಹೇಳಿದ ನೂರಾರು ಸಾಲುಗಳ ದಿನದಿಂದ ಬಂದ ಅಭ್ಯಾಸ ಅದು.

ಬದಲಾಯಿಸಿದ ಮೇಲೆ

ಯಾವ ದಾರಿ ಹಿಡಿದರೂ ಕೀ ಫೈಲ್‌ನಲ್ಲಿ ಆ ಸಾಲಿನ ಮೇಲೆ ಒಂದು ಕಾಮೆಂಟ್ ಬರೆಯಿರಿ: ಯಾರ ಜೊತೆ ಜಗಳ ಇತ್ತು, ಯಾಕೆ ಹೀಗೆ ಮಾಡಿದೆ. ವಿಎಸ್ ಕೋಡ್ ಮತ್ತು ಸಬ್ಲೈಮ್ ಎರಡರ ಕೀ ಫೈಲ್‌ಗಳೂ ಎರಡು ಸ್ಲ್ಯಾಶ್‌ನ ಕಾಮೆಂಟ್ ಒಪ್ಪುತ್ತವೆ. ಆ ಎಕ್ಸ್‌ಟೆನ್ಷನ್ ತೆಗೆದ ದಿನ ಈ ಸಾಲನ್ನೂ ತೆಗೆಯಬಹುದು ಎಂದು ಆಗ ಗೊತ್ತಾಗುತ್ತದೆ. ಎರಡು ಬಗೆಯ ಕಂಪ್ಯೂಟರ್ ಬಳಸುವವರು ಗಮನಿಸಿ, ವಿಎಸ್ ಕೋಡ್‌ನ ಸಿಂಕ್ ಶಾರ್ಟ್‌ಕಟ್‌ಗಳನ್ನು ಮೂಲದಲ್ಲಿ ಪ್ಲಾಟ್‌ಫಾರ್ಮ್‌ಗೆ ಒಂದರಂತೆ ಬೇರೆ ಬೇರೆ ಇಡುತ್ತದೆ. ವಿಂಡೋಸ್‌ನಲ್ಲಿ ಸರಿಪಡಿಸಿದ್ದು ಮ್ಯಾಕ್‌ಗೆ ಬರಲಿಲ್ಲ ಅಂದರೆ ಕಾರಣ ಅದು.

ಆಮೇಲೆ ಹೊಸ ಕೀಯನ್ನು ನಾಲ್ಕು ಕಡೆ ಒತ್ತಿ ನೋಡಿ: ಬರೆಯುವ ಜಾಗದಲ್ಲಿ, ಹುಡುಕುವ ಪೆಟ್ಟಿಗೆಯಲ್ಲಿ, ಫೈಲ್ ಪಟ್ಟಿಯ ಮೇಲೆ, ಟರ್ಮಿನಲ್‌ನೊಳಗೆ. ಮಾರ್ಕ್‌ಡೌನ್ ಫೈಲ್‌ನಲ್ಲಿ ಕಂಟ್ರೋಲ್+ಬಿ ಒತ್ತಿದಾಗ ಪದದ ಎರಡೂ ಕಡೆ ಎರಡೆರಡು ನಕ್ಷತ್ರ ಬಂದು, ಫೈಲ್ ಪಟ್ಟಿಯ ಮೇಲೆ ಕ್ಲಿಕ್ ಮಾಡಿ ಅದೇ ಕೀ ಒತ್ತಿದಾಗ ಪಟ್ಟಿ ಮುಚ್ಚಿಕೊಂಡರೆ ಕೆಲಸ ಆಯಿತು.